ಮನೆಬೆಕ್ಕಿನ ವಂಶಾವಳಿ

ಕುಲಗೋತ್ರಗಳನ್ನು ವಿಚಾರಿಸದೆ ಮಾತನ್ನೇ ಮುಂದುವರಿಸದ ನಮ್ಮ ಜನರು ಬೆಕ್ಕನ್ನು ಮಾತ್ರ ಬಿಟ್ಟಾರೆಯೇ? ಸಕಲೇಶಪುರದಿಂದ ಘಟ್ಟವಿಳಿಯುವ ರೈಲುಹಾದಿಯಲ್ಲಿ ಮೊದಲು ದೊರೆಯುವ ನಿಲ್ದಾಣ ದೋಣಿಗಲ್. ಅದರ ಸುತ್ತಣ ಕಾಫಿತೋಟಗಳಲ್ಲಿ ಇಲಿಕಾಟಕ್ಕಂಜಿ ಬೆಕ್ಕನ್ನು ಸಾಕದ ಮನೆ ವಿರಳ; ಮರಿಯ ಮೈಬಣ್ಣ ನೋಡಿ ತಂದೆಯನ್ನು ನಿರ್ಣಯಿಸದ ಅತಿಥಿಯೂ ವಿರಳ.

ನಮ್ಮ ಮನೆಯ ಮೂರು ಬಣ್ಣದ ಬೆಕ್ಕು ಕಳೆದ ಮಳೆಗಾಲದಲ್ಲಿ ಅಟ್ಟದ ಮೇಲೆ ಮೂರು ಮರಿಗಳನ್ನು ಹಾಕಿತು: ಒಂದು ಕೆಂಚು ಗಂಡು, ಒಂದು ಉದ್ದಗೂದಲಿನದು, ಒಂದು ಪಟ್ಟೆಯದು. ಬಂದವರು ಕೆಂಚನಿಗೆ ಆಚೆಯ ತೋಟದ ಕೆಂಚುಬೆಕ್ಕನ್ನೂ, ಉದ್ದಗೂದಲಿನದಕ್ಕೆ ಪರ್ಷಿಯನ್ ತಳಿಯನ್ನೂ, ಪಟ್ಟೆಯದಕ್ಕೆ ಕಾಡುಬೆಕ್ಕನ್ನೂ ತಂದೆಯ ಸ್ಥಾನದಲ್ಲಿ ಕೂರಿಸಿದರು. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಗಳಿರುವುದು ಬೆಕ್ಕುಗಳಲ್ಲಿ ಸಾಧ್ಯವೇ ಸರಿ. ಆದರೆ ಮೈಬಣ್ಣವು ಅಷ್ಟು ಸುಲಭವಾಗಿ ಸಾಕ್ಷಿ ಹೇಳುವುದಿಲ್ಲ.

ಕೆಂಪುಬಣ್ಣದ ವಂಶವಾಹಿಯು ಎಕ್ಸ್ ಎಂಬ ವರ್ಣತಂತುವಿನಲ್ಲಿರುವುದು. ಗಂಡುಮರಿಗೆ ಆ ತಂತು ತಾಯಿಯಿಂದ ಮಾತ್ರ ಬರುವುದರಿಂದ ನಮ್ಮ ಕೆಂಚನ ಬಣ್ಣವು ತಾಯಿಯ ಕೊಡುಗೆ. ಆಚೆಯ ತೋಟದ ಬೆಕ್ಕಿನ ಮೇಲೆ ಹೊರಿಸಿದ ಆರೋಪಕ್ಕೆ ಆಧಾರವಿಲ್ಲ. ಕಪ್ಪೂ ಕೆಂಪೂ ಒಂದೇ ಮೈಯಲ್ಲಿ ಕೂಡಬೇಕಾದರೆ ಅಂತಹ ಎರಡು ತಂತುಗಳು ಬೇಕು. ಆದುದರಿಂದಲೇ ಮೂರು ಬಣ್ಣದ ಬೆಕ್ಕುಗಳು ಬಹುಮಟ್ಟಿಗೆ ಹೆಣ್ಣಾಗಿರುವುವು. ಆ ವಂಶವಾಹಿ ಇಂತಹುದೆಂದು ಜಪಾನ್ ಮತ್ತು ಅಮೆರಿಕದ ವಿಜ್ಞಾನಿಗಳು ಗುರುತಿಸಿದ ವಿಷಯವು 2025ರಲ್ಲಿ ಪ್ರಕಟವಾಯಿತು.

ಉದ್ದಗೂದಲಾದರೋ ಅಡಗಿ ಬರುವ ಗುಣ. ಗಿಡ್ಡಗೂದಲಿನ ತಂದೆತಾಯಿಗಳಿಬ್ಬರಲ್ಲಿಯೂ ಗುಪ್ತವಾಗಿದ್ದು ಮರಿಯಲ್ಲಿ ತಲೆಯೆತ್ತಬಲ್ಲುದು. ಪರ್ಷಿಯನ್ ತಳಿಯನ್ನು ಮೈಕಟ್ಟಿನಲ್ಲಿ ಹುಡುಕುವುದು ಲೇಸು: ಚಪ್ಪಟೆ ಮುಖ, ಮೋಟು ಕಾಲು, ತೋರವಾದ ಮೈ. ನಮ್ಮ ಮರಿಯ ಮುಖ ನೀಳ, ಕಾಲು ತೆಳು.

ಇನ್ನು ಪಟ್ಟೆಯ ಮಾತು. ಮನೆಬೆಕ್ಕುಗಳೆಲ್ಲವೂ ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯಗಳಲ್ಲಿ ವಾಸಿಸುವ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕಿನ ಸಂತತಿಯೆಂದು 2007ರ ಸಂಶೋಧನೆಯೊಂದು ತೋರಿಸಿತು. ಅದರ ಮೈಮೇಲಿರುವುದೂ ಪಟ್ಟೆಯೇ. ಆದಕಾರಣ ಪಟ್ಟೆಯು ಬೆರಕೆಯ ಗುರುತಲ್ಲ, ಮೂಲದ ಗುರುತು.

ಇಷ್ಟು ಜಗುಲಿಯ ವಿನೋದ. ಆದರೆ ಇದೇ ಊಹೆಯು ತೋಟದೊಳಗೆ ಕಾಲಿಟ್ಟರೆ ಪ್ರಾಣಾಪಾಯಕ್ಕೆ ಕಾರಣವಾಗುವುದು. ಕಳೆ ತೆಗೆಯುವಾಗ ಪೊದೆಯಲ್ಲಿ ಚುಕ್ಕೆಯ ಮರಿ ಸಿಕ್ಕಿತೆಂದರೆ, “ಯಾವುದೋ ಬೆರಕೆ ಬೆಕ್ಕು, ಪಾಪ, ತಬ್ಬಲಿ” ಎಂದು ಮಡಿಲಿಗೆ ಹಾಕಿಕೊಂಡು ಬರುವವರುಂಟು. ನಮ್ಮ ಘಟ್ಟದ ಕಾಡುತೋಟಗಳಲ್ಲಿ ಮನೆಬೆಕ್ಕಿನಷ್ಟೇ ಗಾತ್ರದ ಚಿರತೆ ಬೆಕ್ಕು ವಾಸಿಸುತ್ತಿರುವುದು. ಅದು ಅಪ್ಪಟ ಕಾಡುಪ್ರಾಣಿ. ಅಮೆರಿಕದಲ್ಲಿ ಜೀನ್ ಮಿಲ್ ಎಂಬಾಕೆ ಅದನ್ನು ಮನೆಬೆಕ್ಕಿನೊಡನೆ ಕೂಡಿಸಿ ಬೆಂಗಾಲ್ ತಳಿಯನ್ನು ಬೆಳೆಸಿದುದುಂಟು. ಆದರೆ ಮೊದಲ ತಲೆಗಳ ಗಂಡುಗಳು ಬಂಜೆಯಾಗಿಯೇ ಹುಟ್ಟುವುವು. ಮೈಮೇಲೆ ಬಿಡಿಬಿಡಿಯಾದ ಚುಕ್ಕೆಗಳು, ಕಣ್ಣುಗಳ ನಡುವಿನಿಂದ ಹಣೆಗೇರುವ ಎರಡು ಬಿಳಿಯ ಗೆರೆಗಳು, ಕಿವಿಯ ಹಿಂಬದಿಯ ಕಪ್ಪಿನಲ್ಲಿ ಒಂದು ಬಿಳಿಯ ಬೊಟ್ಟು — ಇವು ಕಂಡರೆ ಕೈ ಹಿಂತೆಗೆಯತಕ್ಕದ್ದು. ತಾಯಿ ಬೇಟೆಗೆ ಹೋಗಿರುವುದು. ಜನರು ದೂರ ಸರಿದರೆ ಮರಳಿ ಬಂದು ಮರಿಯನ್ನು ಒಯ್ಯುವ ಸಂಭವವೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಮನೆಯಲ್ಲಿ ಸಾಕುವುದು ಅಪರಾಧವೂ ಹೌದು. ಮರಿ ಗಾಯಗೊಂಡಿದ್ದರೆ ಅರಣ್ಯ ಇಲಾಖೆಗೆ ತಿಳಿಸುವುದು ಗೃಹಸ್ಥರ ಕರ್ತವ್ಯ.

ಮನೆಯ ಮರಿಗೆ ತಂದೆ ಯಾರಾದರೇನು? ಹಾಲೂ ಬೆಚ್ಚನೆಯ ಮೂಲೆಯೂ ಸಿಕ್ಕರೆ ಅದು ಸುಖವಾಗಿ ಬೆಳೆಯುವುದು. ಕಾಡಿನ ಮರಿಗೆ ಬೇಕಾದುದು ಅದರ ತಾಯಿ.