ಬೂದಿ ಮುಚ್ಚಿದ ಕೆಂಡ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಈಕ್ವೆಡಾರ್ ದೇಶದ ಚಿಂಬೊರಾಜೊ ಜ್ವಾಲಾಮುಖಿಯ ಇಳಿಜಾರು, ಸಮುದ್ರಮಟ್ಟದಿಂದ 4,300 ಮೀಟರ್ ಎತ್ತರ. ಹತ್ತು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ. ಒಂದು ಕಲ್ಲಿಗೆ ಒರಗಿ ಕೂರುತ್ತೀರಿ. ಕಾಲ ಬುಡದ ಒರಟು ಹುಲ್ಲಿನ ಮೇಲೆ ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ ಉಪ್ಪಿನ ಹರಳಾಗಿದೆ. ಬೆನ್ನ ಹಿಂದೆ 6,263 ಮೀಟರಿನ ಹಿಮಶಿಖರ.

ಎದುರಿಗೊಂದು ಕೊರಕಲು. ಅದರ ಗೋಡೆಯಲ್ಲಿ ಮುಂಚಾಚಿದ ಬಂಡೆಯಡಿ ಪುಟ್ಟದೊಂದು ಉಂಡೆ ಅಂಟಿಕೊಂಡಿದೆ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ ಉಬ್ಬಿದ ಪುಕ್ಕ ಕಾಣುತ್ತದೆ, ಸೂಜಿಯಂಥ ಕೊಕ್ಕು ಕಾಣುತ್ತದೆ. ಅಲುಗಾಟವಿಲ್ಲ. ಸತ್ತಿದೆಯೇ? ಇಲ್ಲ. ಇದು ಈಕ್ವೆಡೋರಿಯನ್ ಹಿಲ್‌ಸ್ಟಾರ್, ಝೇಂಕಾರದ ಹಕ್ಕಿಗಳ ಕುಲದ್ದು. ತೂಕ ಸುಮಾರು 8 ಗ್ರಾಂ, ಹೆಚ್ಚುಕಡಿಮೆ ನಮ್ಮ ಹತ್ತು ರೂಪಾಯಿಯ ನಾಣ್ಯದಷ್ಟು. ಇಷ್ಟು ಸಣ್ಣ ಮೈಯನ್ನು ಇಂಥ ಚಳಿಯಲ್ಲಿ ರಾತ್ರಿಯಿಡೀ ಬೆಚ್ಚಗಿಡಲು ಹಗಲು ಕುಡಿದ ಮಕರಂದ ಸಾಲದು. ಅದಕ್ಕೇ ಹಕ್ಕಿ ಜಡನಿದ್ರೆಗೆ ಜಾರುತ್ತದೆ. ಹಗಲು 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುವ ಮೈಬಿಸಿ ತೀರಾ ಕೆಳಗಿಳಿಯುತ್ತದೆ, ಎದೆಬಡಿತ ನಿಧಾನವಾಗುತ್ತದೆ. ಬೂದಿ ಮುಚ್ಚಿದ ಕೆಂಡದ ಹಾಗೆ ಜೀವ ಒಳಗೇ ಉಳಿದಿರುತ್ತದೆ.

ಬಿಸಿಲು ಕೊರಕಲಿಗೆ ಇಳಿಯಿತು. ಉಂಡೆ ನಡುಗತೊಡಗುತ್ತದೆ. ರೆಕ್ಕೆಯ ಸ್ನಾಯುಗಳು ಅದುರಿ ಅದುರಿ ಮೈ ಕಾಯಿಸುತ್ತಿವೆ. ಸ್ವಲ್ಪ ಹೊತ್ತಿಗೆ ಪುಕ್ಕ ಮೈಗೊತ್ತಿಕೊಳ್ಳುತ್ತದೆ, ಬಂಡೆಯಡಿ ಬರಿದಾಗುತ್ತದೆ.

ಕಿವಿಯ ಪಕ್ಕದಲ್ಲೇ ಗುಂಯ್ ಎಂದು ಹಾದುಹೋದದ್ದು ಅದೇ. ಅಲ್ಲಿ, ಚುಕಿರಾಗ ಪೊದೆಯ ಮೇಲೆ ನೋಡಿ. ಮುಳ್ಳುಮುಳ್ಳು ಎಲೆ, ತುದಿಯಲ್ಲಿ ಕಿತ್ತಳೆ ಬಣ್ಣದ ಹೂಗೊಂಚಲು. ಗಂಡುಹಕ್ಕಿಯ ತಲೆ ಮೊದಲು ಕಪ್ಪಾಗಿಯೇ ಕಾಣುತ್ತದೆ. ಕತ್ತು ಬಿಸಿಲಿಗೆ ತಿರುಗಿದ ಕ್ಷಣ ತಲೆಯಿಂದ ಗಂಟಲವರೆಗೂ ನೇರಳೆ ಕುಲಾವಿ ಹೊತ್ತಿಕೊಳ್ಳುತ್ತದೆ. ಗಂಟಲ ಕೆಳಗೆ ಪಚ್ಚೆಯ ಹೊಳಪು, ಆಮೇಲೆ ಕಪ್ಪು ಅಂಚು, ಅದರಡಿ ಬಿಳಿ ಎದೆ. ಇಲ್ಲಿಂದ ಉತ್ತರಕ್ಕಿರುವ ಕೊಟೊಪಾಕ್ಸಿ ಜ್ವಾಲಾಮುಖಿಯ ಹಿಲ್‌ಸ್ಟಾರ್‌ಗಳಿಗೆ ಈ ಪಚ್ಚೆಯಿಲ್ಲ, ಗಂಟಲೆಲ್ಲ ನೇರಳೆಯೇ.

ಗಾಳಿಯಲ್ಲಿ ನಿಂತು ಹೂ ಹೀರುವುದಕ್ಕೆ ಹೆಸರಾದ ಕುಲ ಇದು. ಆದರೆ ಈ ಹಕ್ಕಿ ರೆಕ್ಕೆ ಮಡಚಿ, ಗಟ್ಟಿ ಕಾಲುಗಳಿಂದ ರೆಂಬೆ ಹಿಡಿದು, ಕೂತೇ ಕುಡಿಯುತ್ತಿದೆ! ನಮ್ಮ ಹಿತ್ತಿಲ ದಾಸವಾಳಕ್ಕೆ ಬರುವ ಸೂರಕ್ಕಿಯ ನೆನಪಾಗುತ್ತದೆ. ಸೂರಕ್ಕಿ ಬೇರೆಯೇ ವಂಶದ್ದು, ಝೇಂಕಾರದ ಹಕ್ಕಿಗಳು ಭಾರತದಲ್ಲಿಲ್ಲ. ಆದರೂ ಕೂರುವ ಭಂಗಿ ಅದೇ. ಇಲ್ಲಿನ ತೆಳುಗಾಳಿಯಲ್ಲಿ ರೆಕ್ಕೆ ಬಡಿಯುತ್ತ ಒಂದೆಡೆ ನಿಲ್ಲುವುದು ದುಬಾರಿ. ಕೂತರೆ ಅಷ್ಟು ಶಕ್ತಿ ಉಳಿಯುತ್ತದೆ. ಹೂವಿಂದ ಹೂವಿಗೆ ಕುಪ್ಪಳಿಸುವಾಗ ಪರಾಗವೂ ಅದರೊಂದಿಗೆ ಸಾಗುತ್ತದೆ.

ಇನ್ನೊಂದು ಗಂಡು ಪೊದೆಯತ್ತ ಬಂತು. ಉಳಿತಾಯವೆಲ್ಲ ಬದಿಗೆ! ಬಿಳಿ ಬಾಲ ಬೀಸಿ, ಚಿಲಿಪಿಲಿಗುಟ್ಟುತ್ತ, ಅದನ್ನು ಇಳಿಜಾರಿನಾಚೆಗೆ ಅಟ್ಟಿಯೇ ಮರಳುತ್ತದೆ.

ಮಧ್ಯಾಹ್ನದ ಹೊತ್ತಿಗೆ ಮೋಡ ಕವಿದು ಆಲಿಕಲ್ಲು ಉದುರುತ್ತದೆ. ಬಂಡೆಯ ಮರೆಗೆ ಓಡುತ್ತೀರಿ. ಅಲ್ಲೇ, ತಲೆಗಿಂತ ಒಂದು ಮೊಳ ಮೇಲೆ, ಉಣ್ಣೆ, ನಾರು, ಗರಿ ಸೇರಿಸಿ ಕಟ್ಟಿದ ದಪ್ಪ ಗೂಡು. ಒಳಗೆ ಹೆಣ್ಣು. ಅದಕ್ಕೆ ಕುಲಾವಿಯಿಲ್ಲ. ಮಾಸಲು ಹಸಿರು ಬೆನ್ನು, ಚುಕ್ಕೆಚುಕ್ಕೆಯ ಗಂಟಲು. ಗೂಡು ಕಟ್ಟಿದ್ದು, ಎರಡು ಮೊಟ್ಟೆಗೆ ಕಾವು ಕೊಡುತ್ತಿರುವುದು, ಮುಂದೆ ಮರಿ ಸಾಕುವುದು, ಎಲ್ಲವೂ ಅದೊಂದರದೇ ಪಾಲು. ಕಾವಿಗೆ ಕೂತ ಝೇಂಕಾರದ ಹಕ್ಕಿಗಳು ಜಡನಿದ್ರೆಗೆ ಜಾರುವುದು ಅಪರೂಪ. ಮೈ ತಣ್ಣಗಾದರೆ ಮೊಟ್ಟೆಯೂ ತಣ್ಣಗಾಗುತ್ತದೆ.

ಆಲಿಕಲ್ಲು ಬಂಡೆಯ ಮೇಲೆ ಸದ್ದು ಮಾಡುತ್ತಿದೆ. ಹೆಣ್ಣು ಅಲುಗುವುದಿಲ್ಲ. ಈ ರಾತ್ರಿ ಸುತ್ತಲಿನ ಕೊರಕಲುಗಳಲ್ಲಿ ಕೆಂಡಗಳೆಲ್ಲ ಬೂದಿ ಮುಚ್ಚಿಕೊಳ್ಳುವಾಗ, ಈ ಗೂಡಿನ ಒಲೆ ಬೆಳಗಿನವರೆಗೂ ಉರಿಯಬೇಕು.