ಓನರ್‌ಗೆ ಹೇಳದ ಬಾಡಿಗೆ

ಮೊನ್ನೆ ಬಾಸ್ ಕರೆದು, "ಕಥೆ, ಕವನ ಅಂತ ಬರೀತಿರ್ತೀಯಲ್ಲ, ಈ ಅಗ್ರಿಮೆಂಟೂ ಬರೆದುಬಿಡು" ಅಂದರು. ನಾವು ಲೈಸೆನ್ಸ್ ಮೇಲೆ ತಗೊಂಡ ಬಿಲ್ಲಿಂಗ್ ಸಾಫ್ಟ್‌ವೇರನ್ನು ಇನ್ನೊಂದು ಕಂಪನಿಗೆ ಸಬ್‌ಲೈಸೆನ್ಸ್ ಕೊಡಬೇಕಿತ್ತು. ಅದೇನು ಮಹಾ ಅಂತ ಹಳೆಯದೊಂದನ್ನು ಕಾಪಿ ಮಾಡಿ, ಹೆಸರು ಬದಲಿಸಿ, ವಕೀಲರ ಮುಂದಿಟ್ಟೆ.

"ಅವಧಿ ಎಲ್ರೀ? ಎಲ್ಲೆಲ್ಲಿ ಬಳಸಬಹುದು ಅಂತಾನೂ ಇಲ್ವಲ್ಲ!" ಅಂದರು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಅವಧಿ ಬರೆಯದಿದ್ದರೆ 5 ವರ್ಷ, ಜಾಗ ಬರೆಯದಿದ್ದರೆ ಇಡೀ ಭಾರತ ಅಂತ ಲೆಕ್ಕವಂತೆ. ನಮ್ಮ ಲೈಸೆನ್ಸ್‌ನಲ್ಲಿ ಉಳಿದಿರೋದೇ 2 ವರ್ಷ! ನಮ್ಮದಲ್ಲದ 3 ವರ್ಷವನ್ನು ಮಾರಲು ಹೊರಟಿದ್ದೆ...

ಹೆದರಿ ರಾತ್ರಿ ಮೂಲ ಅಗ್ರಿಮೆಂಟ್ ಪೂರ್ತಿ ಓದಿದೆ. ಸಬ್‌ಲೈಸೆನ್ಸ್ ಕೊಡಲು ಮಾಲೀಕರ ಲಿಖಿತ ಒಪ್ಪಿಗೆ ಬೇಕು ಅಂತ ಸ್ಪಷ್ಟವಾಗಿತ್ತು. ನಾವು ಯಾರೂ ಕೇಳಿರಲೇ ಇಲ್ಲ.

ಬಾಸ್ ಮುಖ ಗಂಟಿಕ್ಕಿದರು. "ಅಡ್ವಾನ್ಸ್ ಬಂದಾಗಿದೆ ಕಣಯ್ಯಾ."

"ಸರ್, ನಿಮ್ಮ ಬಾಡಿಗೆದಾರರು ನಿಮಗೆ ಹೇಳದೆ ಮನೇನ ಇನ್ನೊಬ್ಬರಿಗೆ ಕೊಟ್ಟರೆ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮೇಲ್ ಹಾಕು, ಒಪ್ಪಿಗೆ ಕೇಳು" ಅಂದರು.

ಉತ್ತರ ಇನ್ನೂ ಬಂದಿಲ್ಲ. ಒಪ್ಪದಿದ್ದರೆ ಅಡ್ವಾನ್ಸ್ ವಾಪಸ್, ಜೊತೆಗೆ ನನ್ನ ಇನ್‌ಕ್ರಿಮೆಂಟೂ ಹೋದಂತೆ! ಆದರೂ ನಿನ್ನೆ ನಿದ್ದೆ ಚೆನ್ನಾಗಿ ಬಂತು.

ನೀವು ಕೊನೆಯ ಸಲ ಸಹಿ ಹಾಕಿದ ಪತ್ರವನ್ನು ಪೂರ್ತಿ ಓದಿದ್ದಿರಾ? ನಿಜ ಹೇಳಿ :)