ಹೆಗಲ ಮೇಲಿನ ಕಾದಂಬರಿ

ಕಾದಂಬರಿಯೆಂಬ ಹೆಸರನ್ನು ನಮಗೆ ಕೊಟ್ಟವನು ಬಾಣಭಟ್ಟನು. ಅವನ ಕಥಾನಾಯಿಕೆಯ ಹೆಸರೇ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಒಂದು ಸಾಹಿತ್ಯಪ್ರಕಾರದ ಹೆಸರಾಗಿ ನಿಂತುಬಿಟ್ಟಿತು. ಗ್ರಂಥವನ್ನು ಮುಗಿಸದೆಯೇ ಬಾಣನು ತೀರಿಕೊಂಡನು. ಮಗನು ಉತ್ತರಭಾಗವನ್ನು ಬರೆದು ಪೂರ್ತಿಗೊಳಿಸಿದನು. ಆದರೆ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ಮನೆಯಿಂದ ಮನೆಗೆ ಅಲೆಯಬೇಕಾದ ಪ್ರಸಂಗವು ಆ ಮಹಾಕವಿಗೆ ಬರಲಿಲ್ಲ. ಹರ್ಷಚಕ್ರವರ್ತಿಯ ಆಶ್ರಯವಿದ್ದವನಿಗೆ ಅಂಗಡಿಯವರ ಕಮಿಷನ್ನಿನ ಚಿಂತೆಯೇಕೆ?

ಅರವತ್ತರ ಹೊಸ್ತಿಲಲ್ಲಿ ಮೊದಲನೆಯ ಕಾದಂಬರಿಯನ್ನು ಬರೆದು, ಸ್ವಂತ ಖರ್ಚಿನಿಂದ ಅಚ್ಚುಹಾಕಿಸಿ, ಬೀದರ, ಭಾಲ್ಕಿ, ಔರಾದಗಳಲ್ಲಿ ಒಂದು ವರ್ಷ ತಿರುಗಿ ಮಾರಿದವನು ನಾನು. ಈ ಮಾಸಿಕವನ್ನು ಓದುವ ಗೃಹಸ್ಥರಲ್ಲಿ ಹಸ್ತಪ್ರತಿಯೊಂದನ್ನು ಕಪಾಟಿನ ತಳದಲ್ಲಿ ಬಚ್ಚಿಟ್ಟುಕೊಂಡವರು ಕೆಲವರಾದರೂ ಇರಬಹುದು. ನನ್ನ ಅನುಭವವು ಅವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ. ಕಾದಂಬರಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಇದು ಲೇಖನವಾಗದೆ ಜಾಹೀರಾತಾಗುವುದು.

ಕಥೆಯ ವಿಷಯವನ್ನು ಮಾತ್ರ ತಿಳಿಸಬೇಕು. ೧೯೫೬ನೆಯ ನವೆಂಬರ್ ೧ರಂದು ಹೈದರಾಬಾದು ರಾಜ್ಯವು ಹಂಚಿಹೋದಾಗ ಬೀದರ ಜಿಲ್ಲೆಯೂ ಮೂರು ಪಾಲಾಯಿತು. ಬೀದರ, ಭಾಲ್ಕಿ, ಔರಾದ, ಹುಮನಾಬಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ ಹೋದುವು. ಜಹೀರಾಬಾದ, ನಾರಾಯಣಖೇಡಗಳು ಆಂಧ್ರಕ್ಕೆ ಸೇರಿದುವು. ಒಬ್ಬ ತಾಯಿಯ ಮೂವರು ಹೆಣ್ಣುಮಕ್ಕಳಲ್ಲಿ ಒಬ್ಬಳನ್ನು ಔರಾದಿನ ಕಡೆಗೆ, ಒಬ್ಬಳನ್ನು ಉದಗೀರಕ್ಕೆ, ಇನ್ನೊಬ್ಬಳನ್ನು ನಾರಾಯಣಖೇಡಕ್ಕೆ ಕೊಟ್ಟಿರಲಾಗಿ, ಬೆಳಗಾಗುವಷ್ಟರಲ್ಲಿ ಅಕ್ಕತಂಗಿಯರು ಮೂರು ರಾಜ್ಯಗಳವರಾದ ಕಥೆಯದು.

ಹಸ್ತಪ್ರತಿಯನ್ನು ಮೊದಲು ದೂರದ ಪ್ರಕಾಶಕರಿಬ್ಬರಿಗೆ ಕಳುಹಿಸಿದೆನು. ಒಬ್ಬರಿಂದ ಉತ್ತರವೇ ಬರಲಿಲ್ಲ. ಇನ್ನೊಬ್ಬರು ಬಹು ವಿನಯದಿಂದ, ಇನ್ನೂರು ಪ್ರತಿಗಳನ್ನು ಲೇಖಕರೇ ಕೊಂಡುಕೊಳ್ಳುವುದಾದರೆ ಪ್ರಕಟಿಸಲು ಅಡ್ಡಿಯಿಲ್ಲವೆಂದು ಬರೆದರು. ನಾನೇ ಕೊಳ್ಳಬೇಕಾದಲ್ಲಿ ನಾನೇ ಅಚ್ಚುಹಾಕಿಸಿದರೇನು ತಪ್ಪು ಎಂದು ತೋರಿತು. ಮೊದಲ ಕೃತಿಗೆ ಸಹಾಯಧನವನ್ನು ಕೊಡುವ ಯೋಜನೆಯೊಂದು ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಉಂಟೆಂದು ಮಿತ್ರರೊಬ್ಬರು ಸೂಚಿಸಿದರು. ವಿಚಾರಿಸಿ ನೋಡಲು ಅದು ೩೫ ವರ್ಷದೊಳಗಿನ ಯುವಕರಿಗೆ ಮೀಸಲಾದದ್ದು. ನನ್ನ ಮನೆಯಾಕೆಯು ಇದನ್ನು ಕೇಳಿ ಎರಡು ದಿನ ನಕ್ಕಳು.

ವೆಚ್ಚದ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ೨೦೮ ಪುಟ, ಎಂದರೆ ೧೬ ಪುಟಗಳ ೧೩ ಫಾರಮುಗಳು, ೫೦೦ ಪ್ರತಿಗಳು. ಅಕ್ಷರ ಜೋಡಣೆ, ಕಾಗದ, ಅಚ್ಚು, ರಟ್ಟು, ಹೊಲಿಗೆ ಎಲ್ಲ ಸೇರಿ ೫೫,೦೦೦ ರೂಪಾಯಿ. ಪ್ರತಿಯೊಂದಕ್ಕೆ ೧೧೦ ಬಿದ್ದಿತು. ಕ್ರಯವನ್ನು ೨೨೦ ಎಂದು ಇಟ್ಟೆನು. ಐ.ಎಸ್.ಬಿ.ಎನ್. ಎಂಬ ೧೩ ಅಂಕಿಗಳ ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆಯು ಶುಲ್ಕವಿಲ್ಲದೆ ಕೊಡುವುದು. ತನ್ನ ಗ್ರಂಥವನ್ನು ತಾನೇ ಪ್ರಕಟಿಸುವವನಿಗೂ ಕೊಡುವುದು. ಅದಕ್ಕೆಂದು ಯಾರಾದರೂ ಹಣ ಕೇಳಿದರೆ ಕೊಡಬೇಡಿರಿ. ೧೯೫೪ರ ಕಾಯಿದೆಯ ಪ್ರಕಾರ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬಯಿ, ದಿಲ್ಲಿಗಳ ಮೂರು ಗ್ರಂಥಾಲಯಗಳಿಗೂ ಒಂದೊಂದು ಪ್ರತಿಯನ್ನು ನಮ್ಮ ಖರ್ಚಿನಿಂದಲೇ ಕಳುಹಿಸಬೇಕು. ಕಳುಹಿಸಿದೆನು.

ಪುಸ್ತಕದಂಗಡಿಯವರು ಸಾಮಾನ್ಯವಾಗಿ ನೂರಕ್ಕೆ ೩೦ರಿಂದ ೪೦ರವರೆಗೆ ಕಮಿಷನ್ ಹಿಡಿಯುವರು. ಅದು ಅನ್ಯಾಯವೆಂದು ನಾನು ಹೇಳೆನು. ಅಂಗಡಿಯ ಬಾಡಿಗೆ, ಹುಡುಗನ ಸಂಬಳ, ಮಾರದೆ ಧೂಳು ತಿನ್ನುವ ಪುಸ್ತಕಗಳ ಭಾರ ಎಲ್ಲವೂ ಅದರಲ್ಲಿ ಅಡಗಿರುವುವು. ಆದರೆ ನೂರಕ್ಕೆ ೪೦ ಕಳೆದರೆ ನನಗೆ ಬರುವುದು ೧೩೨, ವೆಚ್ಚ ಹೋಗಿ ಉಳಿಯುವುದು ೨೨, ಅದರಲ್ಲಿಯೇ ಸಾಗಣೆ. ಅಂಗಡಿಗೆ ೪೦ ಪ್ರತಿಗಳನ್ನು ಕೊಟ್ಟು, ಉಳಿದುವನ್ನು ಮನೆಗೆ ತರಿಸಿ ಮಂಚದ ಕೆಳಗೆ ಇಡಿಸಿದೆನು.

ನಮ್ಮಲ್ಲಿ ಈ ಕೆಲಸಕ್ಕೆ ಪೂರ್ವಿಕರಿಲ್ಲವೆಂದಲ್ಲ. ಗಳಗನಾಥರೆಂದು ಪ್ರಸಿದ್ಧರಾದ ವೆಂಕಟೇಶ ತಿರಕೋ ಕುಲಕರ್ಣಿಯವರು (೧೮೬೯-೧೯೪೨) ನನ್ನಂತೆಯೇ ಶಾಲಾಮಾಸ್ತರರಾಗಿದ್ದವರು. ಅಗಡಿಯಿಂದ ೧೯೦೭ರಲ್ಲಿ ಹೊರಟ ‘ಸದ್ಬೋಧಚಂದ್ರಿಕೆ’ಯೆಂಬ ಮಾಸಪತ್ರಿಕೆಯನ್ನು ನಡೆಯಿಸಿ, ಕಾದಂಬರಿಗಳನ್ನು ಬರೆದು, ಆ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಅಚ್ಚುಕೂಟವನ್ನೇ ಇಟ್ಟರು. ೧೯೩೩ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಚಂದಾದಾರರನ್ನು ಕೂಡಿಸಿಕೊಂಡು ಪುಸ್ತಕಗಳನ್ನು ಹೊರಡಿಸಿತು. ಮಾರಲು ಹೊರಟಾಗ ಮೊದಮೊದಲು ಕಾಲೆಳೆದ ನನ್ನ ಸಂಕೋಚಕ್ಕೆ ಗಳಗನಾಥರ ಗಂಟೇ ಔಷಧವಾಯಿತು.

ಆದರೆ ಆ ಮಹನೀಯರಿಗಿದ್ದ ಒಂದು ಅನುಕೂಲವು ನಮ್ಮ ಸೀಮೆಯಲ್ಲಿ ಇರಲಿಲ್ಲ. ಅವರು ತಟ್ಟಿದ ಬಾಗಿಲುಗಳ ಒಳಗೆ ಕನ್ನಡ ಅಕ್ಷರ ಬಲ್ಲವರು ಒಬ್ಬರಾದರೂ ಇದ್ದರು. ನಿಜಾಮರ ಆಡಳಿತದಲ್ಲಿ ನಮ್ಮ ಕಡೆಯ ಶಾಲೆಗಳು ಉರ್ದುವಿನವು. ಭಾಲ್ಕಿಯ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು (೧೮೯೦-೧೯೯೯) ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿಯನ್ನು ಬೀದರ ಜಿಲ್ಲೆಯಲ್ಲಿ ಅರಿಯದವರಿಲ್ಲ. ೧೯೪೮ರ ಸೆಪ್ಟೆಂಬರ್ ೧೭ರ ತರುವಾಯ ಕಾಲವು ತಿರುಗಿತು; ಕನ್ನಡ ಶಾಲೆಗಳು ಎದ್ದುವು. ಆದರೂ ಇಂದಿಗೂ ಒಂದೇ ಮನೆಯಲ್ಲಿ ಅಜ್ಜನು ಉರ್ದು ಓದಿದವನು, ಮಗನು ಮರಾಠಿ ಶಾಲೆಯವನು, ಮೊಮ್ಮಗಳು ಕನ್ನಡದವಳು ಎಂಬುದನ್ನು ಔರಾದ ತಾಲ್ಲೂಕಿನಲ್ಲಿ ನಾನು ಕಂಡಿದ್ದೇನೆ. ಮಾತನಾಡುವಾಗ ಮೂವರೂ ಮೂರು ಭಾಷೆಗಳನ್ನು ಕಲಸಿಯೇ ಆಡುವರು. ಇಂಥ ಮನೆಗೆ ಕನ್ನಡ ಕಾದಂಬರಿಯನ್ನು ಯಾರಿಗೆಂದು ಮಾರುವುದು?

ಬೀದರ ನಗರದಲ್ಲಿ ಆರಂಭಿಸಿದೆನು. ಮಹಮೂದ ಗವಾನನು ೧೪೭೨ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಭಂಡಾರದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುವರು. ಅಂಥ ಊರಿನಲ್ಲಿ ಐನೂರು ಪ್ರತಿಗಳು ಖರ್ಚಾಗದಿರುವುವೆ ಎಂದುಕೊಂಡು ಹೊರಟೆನು. ಹಳೆಯ ಶಿಷ್ಯರು ಬಹು ಮಂದಿ ಇರುವರು. ಅವರು ಸಭೆ ಕೂಡಿಸಿದರು; ಶಾಲು ಹೊದೆಯಿಸಿದರು; ಹಾರ ಹಾಕಿದರು; ನನ್ನ ಪಾಂಡಿತ್ಯವನ್ನು ಹೊಗಳಿದರು; ಪುಸ್ತಕವನ್ನು ಕೊಳ್ಳಲಿಲ್ಲ. ಒಂದು ತಿಂಗಳಲ್ಲಿ ನಾಲ್ಕು ಶಾಲುಗಳು ಬಂದುವು. ಒಂದು ಶಾಲಿನ ಬೆಲೆಯಲ್ಲಿ ಎರಡು ಪ್ರತಿಗಳು ಬರುತ್ತಿದ್ದುವೆಂಬ ಲೆಕ್ಕವು, ಸಭೆಯಲ್ಲಿ ಕುಳಿತಾಗಲೆಲ್ಲ, ನನ್ನ ತಲೆಯಲ್ಲಿ ತಾನಾಗಿಯೇ ನಡೆಯುತ್ತಿತ್ತು. ನಮ್ಮವರಿಗೆ ಲೇಖಕನಲ್ಲಿ ಗೌರವ ಬಹಳ. ಗೌರವವು ಲೇಖಕನಲ್ಲಿಯೇ ಮುಗಿದು ಪುಸ್ತಕದವರೆಗೆ ಇಳಿಯುವುದಿಲ್ಲ. “ಸರ್, ನಮಗೊಂದು ಪ್ರತಿ ಕೊಡ್ರಿ, ನಿಮ್ಮ ಸಹಿ ಹಾಕಿ” ಎಂಬಲ್ಲಿ ‘ಕೊಡ್ರಿ’ ಎಂಬ ಕ್ರಿಯಾಪದಕ್ಕೆ ಕ್ರಯದ ಸಂಬಂಧವಿಲ್ಲವೆಂಬುದನ್ನು ವ್ಯಾಕರಣ ಬಲ್ಲವನು ಬೇಗನೆ ತಿಳಿದುಕೊಳ್ಳುವನು.

ಶಾಲೆಗಳಿಗೆ ಒಯ್ದು ಮಕ್ಕಳಿಗೆ ಮಾರಿರೆಂದು ಕೆಲವರು ಸಲಹೆ ಕೊಟ್ಟರು. ಅದಕ್ಕೆ ನಾನು ಒಪ್ಪಲಿಲ್ಲ. ಮಾಸ್ತರನು ಮಗುವಿನ ಮುಂದೆ ಪುಸ್ತಕ ಹಿಡಿದರೆ ಅದು ವ್ಯಾಪಾರವಲ್ಲ, ತೆರಿಗೆ.

ಭಾಲ್ಕಿಗೆ ಹೋದುದು ಶ್ರಾವಣ ಮಾಸದಲ್ಲಿ. ಬೀದರದಿಂದ ಪರಳಿಯ ಕಡೆಗೆ ಹೋಗುವ ರೈಲುದಾರಿಯಲ್ಲಿಯೇ ಭಾಲ್ಕಿ ಇರುವುದರಿಂದ ಗಂಟನ್ನು ಒಯ್ಯುವುದು ಸುಲಭ. ಶ್ರಾವಣದಲ್ಲಿ ನಮ್ಮ ಕಡೆ ಸಂಜೆಯಾದೊಡನೆ ಪುರಾಣ ಪ್ರವಚನಗಳು ನಡೆಯುವುವು. ಒಬ್ಬರು ಓದುವರು, ಒಬ್ಬರು ಅರ್ಥ ಹೇಳುವರು, ಊರು ಕೇಳುವುದು. ಇಂಥದೊಂದು ಕಡೆ ಪ್ರವಚನವು ಆರಂಭವಾಗುವುದಕ್ಕೆ ಮುಂಚೆ ಜಗಲಿಯ ಮೇಲೆ ಕುಳಿತಿದ್ದ ಹೆಂಗಸರಿಗೆ ಪುಸ್ತಕದ ವಿಷಯವನ್ನು ವಿವರಿಸಲು ಹೊರಟೆನು. ಅವರಲ್ಲೊಬ್ಬಾಕೆಯು, “ಹೇಳೋದು ಬ್ಯಾಡ್ರಿ ಗುರುಗಳೆ, ಒಂದೀಟು ಓದಿ ತೋರಿಸ್ರಿ” ಎಂದಳು. ಹಿರಿಯ ಮಗಳು ತವರಿನಿಂದ ಹೊರಡುವ ಭಾಗವನ್ನು ಎರಡು ಪುಟ ಓದಿದೆನು. ಓದಿ ನಿಲ್ಲಿಸಿದಾಗ ಯಾರೂ ಹೊಗಳಲಿಲ್ಲ. “ಮುಂದ?” ಎಂದು ಕೇಳಿದರು.

ಮಾರುವ ವಿದ್ಯೆಯೆಲ್ಲ ನನಗೆ ಆ ಒಂದು ಪ್ರಶ್ನೆಯಲ್ಲಿ ದೊರೆಯಿತು. ಅಂದಿನಿಂದ ನಾನು ಕಾದಂಬರಿಯ ಉದ್ದೇಶ, ಇತಿಹಾಸ, ಶೈಲಿಗಳನ್ನು ಕುರಿತು ಒಂದು ಮಾತನ್ನೂ ಆಡಲಿಲ್ಲ. ಬಾಗಿಲಲ್ಲಿ ಕುಳಿತು ಎರಡು ಪುಟ ಓದುವುದು, ಕುತೂಹಲವು ಕೆರಳಿದ ಕಡೆ ನಿಲ್ಲಿಸುವುದು, ಕ್ರಯವನ್ನು ಗಟ್ಟಿಯಾಗಿ ಹೇಳುವುದು. ೨೨೦ರ ಪುಸ್ತಕವನ್ನು ಕೈಯಿಂದ ಕೈಗೆ ೨೦೦ಕ್ಕೆ ಕೊಟ್ಟೆನು; ಚಿಲ್ಲರೆಯ ತೊಡಕೂ ತಪ್ಪಿತು. ಗೃಹಸ್ಥನು “ಮುಂದ ನೋಡೂಣು” ಎಂದು ಒಳಗೆ ಹೋದರೂ ಗೃಹಿಣಿಯು ಹಣವನ್ನು ತಂದುಕೊಡುವುದನ್ನು ಹಲವು ಸಲ ಕಂಡೆನು. ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಂತೂ ಹತ್ತು ಮಂದಿ ಕೂಡಿ ಎರಡು ಪ್ರತಿಗಳನ್ನು ಕೊಂಡು ಸರದಿಯ ಮೇಲೆ ಓದುವ ಏರ್ಪಾಡು ಮಾಡಿಕೊಂಡರು. ಇದರಿಂದ ಲೇಖಕನಿಗೆ ನಷ್ಟವೆಂದು ಲೆಕ್ಕ ಬಲ್ಲವರು ಹೇಳುವರು. ಓದದೆ ಇಟ್ಟ ಹತ್ತು ಪ್ರತಿಗಳಿಗಿಂತ ಓದಿದ ಎರಡು ಪ್ರತಿಗಳೇ ನನಗೆ ಮೇಲು. ಹಣವನ್ನು ಕೊಡಲು ಫೋನಿನಿಂದ ತೆಗೆದುಕೊಳ್ಳುವ ಕ್ಯೂಆರ್ ಕೋಡನ್ನು ಪುಸ್ತಕದ ಚೀಲಕ್ಕೇ ಅಂಟಿಸಿದ್ದೆನು. ಅದಕ್ಕೆ ಸಂಸ್ಕೃತದಲ್ಲಿ ಹೆಸರು ಹುಡುಕುವ ಗೋಜಿಗೆ ಹೋಗಲಿಲ್ಲ.

ಔರಾದಿಗೆ ರೈಲಿಲ್ಲ, ಬಸ್ಸೇ ಗತಿ. ಅಲ್ಲಿ ಋತುವನ್ನು ನೋಡಿ ಹೋಗಬೇಕು. ಬಿತ್ತನೆಯ ಕಾಲದಲ್ಲಿ ರೈತನ ಕೈಯಲ್ಲಿ ಕಾಸಿರುವುದಿಲ್ಲ. ಹೆಸರು, ಉದ್ದು, ಸೋಯಾ ಮಾರಿದ ಮೇಲೆ ಮನೆಯಲ್ಲಿ ಮಾತು ಮೃದುವಾಗಿರುವುದು. ದಸರೆಯ ಸುಮಾರಿಗೆ ಹೋದಾಗ ಒಂದು ಹಳ್ಳಿಯ ಮನೆಯಲ್ಲಿ ಎಂಬತ್ತೈದು ದಾಟಿದ ಮುದುಕಿಯೊಬ್ಬಳು ಗೋಡೆಗೆ ಒರಗಿ ಕುಳಿತಿದ್ದಳು. ತವರು ಉದಗೀರದ ಕಡೆ. ೧೯೫೬ಕ್ಕೆ ಸ್ವಲ್ಪ ಮುಂಚೆ ಈ ಮನೆಗೆ ಬಂದವಳು. ಅಕ್ಷರವಿಲ್ಲ. ಮಗನು ಮರಾಠಿ ಓದಿದವನಾದುದರಿಂದ ಪುಸ್ತಕವನ್ನು ತಿರುಗಿಸಿ ನೋಡಿ, ತಮ್ಮ ಮನೆಗೆ ಇದು ಬೇಡವೆಂದು ಮರ್ಯಾದೆಯಿಂದಲೇ ಹೇಳಿದನು. ಕಾಲೇಜಿಗೆ ಹೋಗುವ ಮೊಮ್ಮಗಳು ಅದನ್ನು ಅವನ ಕೈಯಿಂದ ತೆಗೆದುಕೊಂಡು, ನನ್ನನ್ನು ಕೇಳದೆಯೇ, ನಡುವಿನಿಂದ ಗಟ್ಟಿಯಾಗಿ ಓದತೊಡಗಿದಳು. ದೈವಯೋಗದಿಂದ ಅದು ಅಕ್ಕನು ತಂಗಿಯ ಮನೆಗೆ ಹೋಗುವಾಗ ನಾಕಾದಲ್ಲಿ ಬುತ್ತಿಯ ಗಂಟನ್ನು ಬಿಚ್ಚಿ ತೋರಿಸಬೇಕಾದ ಪ್ರಕರಣ. ಮುದುಕಿಯು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ನನ್ನನ್ನು ನೋಡಿ, “ನಾ ಎಲ್ಲಿಗೂ ಹೋಗಿಲ್ಲ ಮಾಸ್ತರ, ನನ್ನ ತವರೇ ಸರದು ಹೋಯ್ತು” ಎಂದಳು.

ಇನ್ನೂರೆಂಟು ಪುಟಗಳಲ್ಲಿ ನಾನು ಹೇಳಲು ಹೆಣಗಿದುದನ್ನು ಆಕೆ ಒಂದು ಉಸಿರಿನಲ್ಲಿ ಹೇಳಿಬಿಟ್ಟಳು. ಪ್ರತಿಯನ್ನು ಹಾಗೆಯೇ ಇಟ್ಟುಕೊಳ್ಳಿರೆಂದೆನು. ಆಕೆ ಕೇಳಲಿಲ್ಲ, ಎಲೆಅಡಿಕೆಯ ಸಂಚಿಯಿಂದ ಮಡಿಸಿದ ನೋಟುಗಳನ್ನು ತೆಗೆದು, ಒಂದೊಂದಾಗಿ ಬಿಡಿಸಿ ಎಣಿಸಿಕೊಟ್ಟಳು. ನಾನು ಹಿಂದಿರುಗುವ ಬಸ್ಸಿಗೆ ಕಾಯುತ್ತಿರುವಾಗ ಆ ಮಗನು ಬೈಸಿಕಲ್ಲಿನ ಮೇಲೆ ಬಂದು, ಉದಗೀರದಲ್ಲಿರುವ ಸೋದರಮಾವನ ಮನೆಗೆ ಕಳುಹಿಸಲು ಇದು ಮರಾಠಿಯಲ್ಲಿ ಸಿಕ್ಕುವುದೇ ಎಂದು ಕೇಳಿದನು. ಸದ್ಯಕ್ಕೆ ಇಲ್ಲವೆಂದೆನು. ಆ ಪ್ರಶ್ನೆಯು ಇನ್ನೂ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ರಾತ್ರಿ ದಿನಕ್ಕೆ ಎರಡು ಪುಟದಂತೆ ಮರಾಠಿಯಲ್ಲಿ ಬರೆಯುತ್ತ ಬಂದಿದ್ದೇನೆ.

ದೂರದ ಊರುಗಳಿಂದ ಕೇಳಿದವರಿಗೆ ಅಂಚೆಯ ಮೂಲಕ ಕಳುಹಿಸಿದೆನು. ೨೦೨೫ರ ಮೇ ೧ರಿಂದ ಅಂಚೆ ಇಲಾಖೆಯವರು ಪುಸ್ತಕಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ವ್ಯವಸ್ಥೆಯನ್ನು ಆರಂಭಿಸಿರುವರು. ೩೦೦ ಗ್ರಾಂವರೆಗೆ ೨೦ ರೂಪಾಯಿ, ೫ ಕಿಲೋಗ್ರಾಮಿಗೆ ೧೦೦ ರೂಪಾಯಿ ಎಂಬ ದರದಿಂದ ಅದು ಹೊರಟಿತು, ತೆರಿಗೆ ಬೇರೆ. ಶೈಕ್ಷಣಿಕ, ಸಾಮಾಜಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಅದು ಸಲ್ಲುವುದು. ಇವುಗಳಲ್ಲಿ ನಿಮ್ಮದು ಯಾವುದೆಂದು ಗುಮಾಸ್ತರು ಕೇಳಿದರು. ಸಾಂಸ್ಕೃತಿಕವೆಂದೆನು. ಕಟ್ಟಿದ ಮೇಲೂ ನನ್ನ ಪುಸ್ತಕವು ೩೦೦ ಗ್ರಾಂ ಮೀರದಿರುವುದು ಒಂದು ಭಾಗ್ಯ. ಹಸ್ತಪ್ರತಿಯಿಂದ ಎರಡು ಅಧ್ಯಾಯಗಳನ್ನು ತೆಗೆಯಿಸಿದ ನನ್ನ ಮನೆಯಾಕೆಗೆ ಅದರ ಪುಣ್ಯವು ಸಲ್ಲಬೇಕು.

ಶಿವರಾತ್ರಿಯ ಸಮಯದಲ್ಲಿ ಔರಾದಿನ ಅಮರೇಶ್ವರನ ಜಾತ್ರೆಯಲ್ಲಿ ಎರಡು ದಿನ ಚಾಪೆ ಹಾಸಿ ಕುಳಿತೆನು. ಎತ್ತು ನೋಡಲು ಬಂದವರು ಪುಸ್ತಕವನ್ನೂ ಎತ್ತಿನಂತೆಯೇ ಮುಟ್ಟಿ, ತಿರುಗಿಸಿ, ಬೆನ್ನು ತಟ್ಟಿ ನೋಡಿದರು. ಅಲ್ಲಿ ೩೮ ಪ್ರತಿಗಳು ಹೋದುವು.

ವರ್ಷದ ಕೊನೆಯ ಲೆಕ್ಕವು ಹೀಗಿದೆ: ಅಂಗಡಿಯಿಂದ ೪೦, ಕೈಯಿಂದಲೂ ಅಂಚೆಯಿಂದಲೂ ೩೨೧, ಒಟ್ಟು ೩೬೧ ಪ್ರತಿಗಳು ಮಾರಿದುವು. ಕಾಯಿದೆಯ ನಾಲ್ಕನ್ನೂ ಸೇರಿಸಿ ೧೯ ಪ್ರತಿಗಳನ್ನು ಪುಕ್ಕಟೆಯಾಗಿ ಕೊಟ್ಟೆನು. ಬಸ್ಸಿನ ಮೇಲೆ ಮಳೆಗೆ ನೆನೆದು ೬ ಕೆಟ್ಟುವು. ಬಂದ ಹಣ ೬೯,೪೮೦. ಅಚ್ಚಿನ ವೆಚ್ಚವೂ ತಿರುಗಾಟದ ವೆಚ್ಚವೂ ಸೇರಿ ೬೩,೦೦೦ದ ಸುಮಾರು. ಉಳಿದ ಆರು ಸಾವಿರ ಚಿಲ್ಲರೆಯಲ್ಲಿ ಮನೆಯಾಕೆಯು ಒಂದು ಕಪಾಟನ್ನು ಕೊಳ್ಳಬೇಕೆನ್ನುವಳು, ಮಂಚದ ಕೆಳಗೆ ಕಸ ಗುಡಿಸಲು ಅಡ್ಡಿಯಾಗುವುದೆಂದು. ಅಲ್ಲಿ ಇನ್ನೂ ೧೧೪ ಪ್ರತಿಗಳಿವೆ. ಅವುಗಳಲ್ಲಿ ಅರವತ್ತನ್ನು ಬರುವ ತಿಂಗಳು ನಾರಾಯಣಖೇಡದ ಕಡೆಗೆ ಒಯ್ಯಬೇಕೆಂದಿದ್ದೇನೆ. ಮೂರನೆಯ ಮಗಳ ಊರಿಗೆ ಇನ್ನೂ ನಾನು ಹೋಗಿಲ್ಲ.